ಕೇರಳಾಪುರದ ಮೇಷ್ಟ್ರು, ಪರೀಕ್ಷೆಯ ಅಲಂಕಾರ

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಹೈಸ್ಕೂಲು ಮುಗಿಸಿದವರಿಗೆ ಅಲಂಕಾರ ಎಂದರೆ ನೆನಪಾಗುವುದು ಒಂದೇ ವಾಕ್ಯ: ‘ಸೀತೆಯ ಮುಖ ಕಮಲದಂತೆ ಅರಳಿತು.’ ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಗುರುತಿಸಿ, ಲಕ್ಷಣ ಬರೆದು ಸಮನ್ವಯಗೊಳಿಸಿದರೆ ಅಂಕ ಬಂತು. ಮಾತು ಕೇಳುಗನ ಮನಸ್ಸನ್ನು ಹೇಗೆ ಹಿಡಿಯುತ್ತದೆ ಎಂದು ಶತಮಾನಗಟ್ಟಲೆ ಜಗಳವಾಡಿದ ಶಾಸ್ತ್ರ ಇಷ್ಟಕ್ಕೆ ಇಳಿದಿದೆ.

ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥವೇ ಈ ಶಾಸ್ತ್ರದ್ದು. ಕ್ರಿ.ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದ ‘ಕವಿರಾಜಮಾರ್ಗ’ ಬಹುಪಾಲು ಸಂಸ್ಕೃತದ ಅಲಂಕಾರಶಾಸ್ತ್ರಜ್ಞ ದಂಡಿಯ ದಾರಿಯಲ್ಲೇ ನಡೆಯುತ್ತದೆ. ಆದರೆ ದಂಡಿ ಹೇಳದ ಅಲಂಕಾರವೊಂದು ಅಲ್ಲಿದೆ: ಧ್ವನಿ, ಅಂದರೆ ಬಾಯಿಬಿಟ್ಟು ಹೇಳದೆ ಸೂಚಿಸುವುದು. ಕಮಲದೊಳಗೆ ಎರಡು ‘ಅನಿಮಿಷ’ಗಳು ಕಾಣುತ್ತಿವೆ, ಎಂಥ ಚೋದ್ಯ ಎನ್ನುತ್ತದೆ ಪದ್ಯ. ಅನಿಮಿಷ ಎಂದರೆ ಮೀನು. ಹೇಳಬೇಕಾದದ್ದು ಮುಖ ಮತ್ತು ಕಣ್ಣುಗಳನ್ನು. ಹೆಸರು ಮಾತ್ರ ಎತ್ತುವುದಿಲ್ಲ. ಅದೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಧ್ವನಿಯನ್ನು ಅಲಂಕಾರಗಳ ಸಾಲಿನಿಂದ ಮೇಲೆತ್ತಿ ಕಾವ್ಯದ ಆತ್ಮ ಎಂದ. ಇಬ್ಬರಿಗೂ ನಂಟಿತ್ತೇ ಎಂಬ ಚರ್ಚೆ ವಿದ್ವಾಂಸರಲ್ಲಿ ಬಹಳ ಕಾಲ ನಡೆಯಿತು.

ಆ ಆನಂದವರ್ಧನನ ಬೆನ್ನು ಹತ್ತಿದವರು ಅರಕಲಗೂಡು ತಾಲ್ಲೂಕಿನ ಕೇರಳಾಪುರದ ಕೆ. ಕೃಷ್ಣಮೂರ್ತಿ (1923–1997). ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಅವರು ಆನಂದವರ್ಧನನ ‘ಧ್ವನ್ಯಾಲೋಕ’ವನ್ನು ಕನ್ನಡಕ್ಕೂ ತಂದರು, ಇಂಗ್ಲಿಷಿಗೂ ತಂದರು, ಮೂಲಸಹಿತ ಇಂಗ್ಲಿಷ್ ಅನುವಾದ 1974ರಲ್ಲಿ ಧಾರವಾಡದಿಂದ ಬಂತು. ಇನ್ನೊಬ್ಬ ಕಾವ್ಯಮೀಮಾಂಸಕ ಮಮ್ಮಟನನ್ನೂ ಕನ್ನಡಿಸಿದರು. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ 1977ರಲ್ಲಿ ಹೊರತಂದ, ಸಂಸ್ಕೃತದ ಮತ್ತೊಬ್ಬ ಕಾವ್ಯಮೀಮಾಂಸಕ ಕುಂತಕನ ‘ವಕ್ರೋಕ್ತಿಜೀವಿತ’. ಅವರು ಹುಟ್ಟಿದ ವರ್ಷವೇ ಸುಶೀಲ್ ಕುಮಾರ್ ಡೇ ಅದನ್ನು ಮೊದಲು ಅಚ್ಚು ಹಾಕಿಸಿದ್ದರು, ಅದೂ ಅಪೂರ್ಣವಾಗಿ.

ಕುಂತಕನ ಲೆಕ್ಕ ಬೇರೆ. ಅವನು ವಕ್ರತೆ ಎನ್ನುವ ಮಾತಿನ ಬಾಗು ಅಕ್ಷರದ ಜೋಡಣೆಯಲ್ಲಿ ಶುರುವಾಗಿ, ಪ್ರಕೃತಿ (ಪದದ ಮೂಲರೂಪ), ಪ್ರತ್ಯಯ, ವಾಕ್ಯ, ಪ್ರಕರಣ (ಕಥೆಯ ಒಂದು ಭಾಗ) ದಾಟಿ ಪ್ರಬಂಧದವರೆಗೆ, ಅಂದರೆ ಇಡೀ ಕೃತಿಯವರೆಗೆ ಏರುತ್ತದೆ. ರಾಮಾಯಣದ ಕಥೆಯನ್ನೇ ಹಿಡಿದು ನಾಟಕಕಾರ ಭವಭೂತಿ ಅದರ ರಸವನ್ನು ಬೇರೆ ಕಡೆ ತಿರುಗಿಸಿದ್ದೂ ಅವನಿಗೆ ವಕ್ರತೆಯೇ. ಪಾಠದಲ್ಲಿ ಉಪಮೆ, ರೂಪಕಗಳಿರುವುದು ವಾಕ್ಯದ ಮೆಟ್ಟಿಲಲ್ಲಿ. ನಮ್ಮ ಮಕ್ಕಳು ಅಲ್ಲೇ ನಿಲ್ಲುತ್ತಾರೆ.

ಯಾಕೆ ಹೀಗಾಯಿತು? ಮೈಸೂರಿನಲ್ಲಿ 1927ರಲ್ಲಿ ಕನ್ನಡ ಎಂ.ಎ. ಶುರುವಾಯಿತು. ಮುಂದೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಬಂದು ಕಾಲೇಜಿಗೆ ಒಳ್ಳೆಯ ಪುಸ್ತಕವೇ ಸಿಕ್ಕಿತು. ರಸ, ಧ್ವನಿ ಮೇಲಿನ ತರಗತಿಗೆ ಹೋದವು, ಹೈಸ್ಕೂಲಿಗೆ ಪಟ್ಟಿ ಉಳಿಯಿತು. ಪಟ್ಟಿಗೆ ಅಂಕ ಕೊಡುವುದು ಸುಲಭ. ಒಂದು ಪದ್ಯ ಎದೆಗೆ ತಾಗಿತೋ ಇಲ್ಲವೋ ಎಂಬುದಕ್ಕೆ ಅಂಕ ಕೊಡುವುದು ಹೇಗೆ?

ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ, ಕೊಪ್ಪ, ಶೃಂಗೇರಿ ಕಡೆಯ ತಾಳಮದ್ದಳೆಗೆ ಈ ತೊಡಕಿಲ್ಲ. ‘ವಾಲಿವಧೆ’ಯ ಕೊನೆ ಸಭೆಗೆಲ್ಲ ಗೊತ್ತು. ಆದರೂ ಒಳ್ಳೆಯ ಅರ್ಥಧಾರಿಯೊಬ್ಬ ವಾಲಿಯಾಗಿ ಕೂತ ದಿನ, ಮರದ ಮರೆಯಿಂದ ಬಾಣ ಬಿಟ್ಟದ್ದಕ್ಕೆ ರಾಮ ಕೊಡುವ ಸಮಾಧಾನ ಸಾಲದೆ ಹೋಗುತ್ತದೆ.