ಪದ ಪರಿಚಯ: ಸಂಕೇತ

ಶಂಖದಿಂದ ಬಂದರೇ ತೀರ್ಥ ಅಂತ ನಮ್ಮಲ್ಲಿ ಗಾದೆ ಇದೆ. ನೀರು ಅದೇ ನೀರು, ಬಾವಿಯದ್ದೋ ನಲ್ಲಿಯದ್ದೋ. ಆದರೆ ಶಂಖದಿಂದ ಅಂಗೈಗೆ ಬಿದ್ದರೆ ಕುಡಿದು ಕೈಯನ್ನು ತಲೆಗೆ ಒರೆಸಿಕೊಳ್ಳುತ್ತೇವೆ. ಸಾಹಿತ್ಯದಲ್ಲಿ ‘ಸಂಕೇತ’ ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಗಾದೆಯಿಂದಲೇ ಶುರು ಮಾಡುತ್ತೇನೆ. ಒಂದು ವಸ್ತು ತಾನು ತಾನಾಗಿಯೇ ಇದ್ದು, ಜೊತೆಗೆ ಇನ್ನೊಂದು ಅರ್ಥವನ್ನೂ ಹೊತ್ತರೆ ಅದು ಸಂಕೇತ. ಚಿಹ್ನೆ ಬೇರೆ. ಸಿಗ್ನಲ್‌ನ ಕೆಂಪು ದೀಪಕ್ಕೆ ‘ನಿಲ್ಲು’ ಅನ್ನುವ ಒಂದೇ ಅರ್ಥ, ಅದೂ ಮೊದಲೇ ಗೊತ್ತು. ಸಂಕೇತದ ಅರ್ಥ ಕಥೆಯ ಜೊತೆಗೇ ಬೆಳೆಯುತ್ತದೆ, ಸವೆಯುತ್ತದೆ ಕೂಡ.

ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದ ಫ್ಲೈಸ್’ (1954) ಕಾದಂಬರಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಯುದ್ಧದ ಸಮಯ. ವಿಮಾನ ಬಿದ್ದು ಒಂದಷ್ಟು ಇಂಗ್ಲಿಷ್ ಹುಡುಗರು ದ್ವೀಪವೊಂದರಲ್ಲಿ ಉಳಿಯುತ್ತಾರೆ. ದೊಡ್ಡವರು ಒಬ್ಬರೂ ಇಲ್ಲ. ಗೋಲ್ಡಿಂಗ್ ಶಾಲಾ ಮೇಷ್ಟ್ರಾಗಿದ್ದವರು, ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು. ಹುಡುಗರನ್ನೂ ಯುದ್ಧವನ್ನೂ ಹತ್ತಿರದಿಂದ ಕಂಡಿದ್ದರು.

ಅಲ್ಲೂ ಒಂದು ಶಂಖ ಇದೆ. ನೀರಿನ ಜೊಂಡಿನ ನಡುವೆ ಕೆನೆಬಣ್ಣದ್ದೇನೋ ರಾಲ್ಫ್ ಅನ್ನುವ ಹುಡುಗನ ಕಣ್ಣಿಗೆ ಬೀಳುತ್ತದೆ. ಅದು ಶಂಖ ಅಂತ ಗುರುತು ಹಿಡಿಯುವವನು, ಊದುವುದು ಹೇಗೆ ಅಂತ ಹೇಳಿಕೊಡುವವನು ಅವನ ಜೊತೆಗಿದ್ದ ಪಿಗ್ಗಿ. ಆದರೆ ಪಾಪ, ಅವನಿಗೆ ಉಬ್ಬಸ, ಊದುವ ಹಾಗಿಲ್ಲ. ರಾಲ್ಫ್ ಊದುತ್ತಾನೆ, ಹುಡುಗರೆಲ್ಲ ಓಡಿ ಬಂದು ಸೇರುತ್ತಾರೆ, ಶಂಖ ಹಿಡಿದು ಕೂತವನನ್ನೇ ನಾಯಕ ಅಂತ ಆರಿಸಿಬಿಡುತ್ತಾರೆ! ತಿಳಿದವನೊಬ್ಬ, ಕುರ್ಚಿ ಸಿಕ್ಕಿದ್ದು ಇನ್ನೊಬ್ಬನಿಗೆ. ಆಮೇಲೆ ನಿಯಮ: ಸಭೆಯಲ್ಲಿ ಶಂಖ ಕೈಯಲ್ಲಿದ್ದವನು ಮಾತ್ರ ಮಾತಾಡಬೇಕು. ಶಂಖದಿಂದ ಬಂದರೇ ತೀರ್ಥ, ಅಲ್ವಾ?

ಗೈಡುಗಳಲ್ಲಿ ‘ಶಂಖ ಎಂದರೆ ಪ್ರಜಾಪ್ರಭುತ್ವ, ಪಿಗ್ಗಿಯ ಕನ್ನಡಕ ಎಂದರೆ ವಿಜ್ಞಾನ’ ಎಂದು ಬರೆದು ಮುಗಿಸುತ್ತಾರೆ. ಪರೀಕ್ಷೆಗೆ ಸಾಕು, ಓದಿಗೆ ಸಾಲದು. ಗೋಲ್ಡಿಂಗ್ ಶಂಖದ ಬಣ್ಣವನ್ನೇ ಬದಲಿಸುತ್ತಾ ಹೋಗುತ್ತಾರೆ. ಗಾಳಿಗೆ ಅದರ ಗುಲಾಬಿ, ಹಳದಿ ಹೋಗಿ ಬಿಳುಚಿಕೊಳ್ಳುತ್ತದೆ. ಅತ್ತ ರಾಲ್ಫ್‌ನಿಂದ ಸಿಡಿದು ಬೇಟೆಗಾರರ ಗುಂಪು ಕಟ್ಟಿಕೊಂಡ ಜ್ಯಾಕ್, ದ್ವೀಪದ ಈ ತುದಿಯಲ್ಲಿ ಶಂಖದ ಮಾತು ನಡೆಯಲ್ಲ ಅಂದುಬಿಡುತ್ತಾನೆ. ಶಂಖಕ್ಕೆ ಏನೂ ಆಗಿಲ್ಲ, ಒಪ್ಪುವವರು ಕಡಿಮೆಯಾಗಿದ್ದಾರೆ ಅಷ್ಟೇ. ಕೊನೆಗೆ ಜ್ಯಾಕ್‌ನ ಕಡೆಯ ರೋಜರ್ ಉರುಳಿಸಿದ ಬಂಡೆಗೆ ಪಿಗ್ಗಿ ಸಾಯುವಾಗ ಅವನ ಕೈಯಲ್ಲಿದ್ದ ಶಂಖವೂ ಪುಡಿಪುಡಿಯಾಗುತ್ತದೆ.

ಅದಕ್ಕೂ ಮುಂಚಿನ ಒಂದು ರಾತ್ರಿ ನನಗೆ ಜಾಸ್ತಿ ಕಾಡುತ್ತದೆ. ಜ್ಯಾಕ್‌ನ ಕಡೆಯವರು ಕತ್ತಲಲ್ಲಿ ಗುಡಿಸಲಿಗೆ ನುಗ್ಗಿ ಹೊಡೆದಾಡಿ ಹೋಗುತ್ತಾರೆ. ಶಂಖ ಕದಿಯೋಕೆ ಬಂದರು ಅಂತಲೇ ಪಿಗ್ಗಿ ಅಂದುಕೊಂಡಿರುತ್ತಾನೆ. ನೋಡಿದರೆ ಶಂಖ ಇಟ್ಟಲ್ಲೇ ಇದೆ. ಹೋಗಿದ್ದು ಅವನ ಕನ್ನಡಕ. ಅದರ ಗಾಜಿಗೆ ಬಿಸಿಲು ಹಿಡಿದು ಬೆಂಕಿ ಹೊತ್ತಿಸುತ್ತಿದ್ದರು, ಅದಕ್ಕೇ ಅದು ಬೇಕು. ಮಾತಿನ ಹಕ್ಕನ್ನು ಕದಿಯುವ ಗೋಜಿಗೂ ಯಾರೂ ಹೋಗಲಿಲ್ಲ! ಎರಡು ವಸ್ತುಗಳ ಬೆಲೆ ಎಷ್ಟು ಅನ್ನುವುದು ಆ ಒಂದು ಕಳ್ಳತನದಲ್ಲೇ ಗೊತ್ತಾಗುತ್ತದೆ.

ಇಲ್ಲೊಂದು ತಮಾಷೆಯೂ ಇದೆ. ಪಿಗ್ಗಿಗೆ ದೂರದ್ದು ಕಾಣದ ದೋಷ. ಅದಕ್ಕೆ ಹಾಕುವ ಗಾಜು ನಡುವೆ ತೆಳು, ಬಿಸಿಲನ್ನು ಚದುರಿಸುತ್ತದೆ. ಅದರಿಂದ ಬೆಂಕಿ ಹೊತ್ತುವುದಿಲ್ಲ. ಹತ್ತಿರದ್ದು ಕಾಣದವರ ಉಬ್ಬುಗಾಜು ಬೇಕು. ಗೋಲ್ಡಿಂಗ್ ಮೇಷ್ಟ್ರು ಇಲ್ಲಿ ಎಡವಿದ್ದಾರೆ. ಆದರೂ ಓದುವಾಗ ನನಗೆ ಇದು ಅಡ್ಡ ಬರಲೇ ಇಲ್ಲ. ಆ ಹೊತ್ತಿಗೆ ಕನ್ನಡಕ ಬರೀ ಕನ್ನಡಕವಾಗಿ ಉಳಿದಿರಲಿಲ್ಲ.

ಬೆಂಕಿಯದ್ದು ಇನ್ನೂ ವಿಚಿತ್ರ. ಹಡಗಿನವರಿಗೆ ಹೊಗೆ ಕಾಣಲಿ ಅಂತ ರಾಲ್ಫ್ ಕಥೆಯುದ್ದಕ್ಕೂ ಬೆಂಕಿ ಕಾಯಲು ಬೇಡಿಕೊಳ್ಳುತ್ತಾನೆ. ಹಡಗು ಹಾದುಹೋದ ದಿನ ಅದು ಆರಿಹೋಗಿರುತ್ತದೆ. ಕಡೆಗೆ ನೌಕಾಪಡೆಯವರು ದಡಕ್ಕೆ ಬಂದದ್ದು ಹೊಗೆ ನೋಡಿಯೇ. ಆದರೆ ಅದು ಅಡಗಿ ಕೂತಿದ್ದ ರಾಲ್ಫ್‌ನನ್ನು ಹೊರಗೆಳೆದು ಕೊಲ್ಲಲು ಜ್ಯಾಕ್‌ನ ಕಡೆಯವರು ಕಾಡಿಗೆ ಹಚ್ಚಿದ ಬೆಂಕಿಯ ಹೊಗೆ.