ಆಪ್ತಸಮಾಲೋಚನೆಯ ಕೋಣೆಯಲ್ಲಿ ಆಡದೇ ಉಳಿಯುವ ಮಾತು

ದಾವಣಗೆರೆಗೆ ಓದಲು ಬಂದ ವಿದ್ಯಾರ್ಥಿಗೆ ಬಾಡಿಗೆ ರೂಮು ತೋರಿಸುವ ಮೊದಲೇ ‘ನೀವು ಯಾವ ಜನ?’ ಎಂದು ಕೇಳುವುದೂ, ಉತ್ತರ ಕೇಳಿದ ಮೇಲೆ ‘ಆಗಲೇ ಬೇರೆಯವರು ಅಡ್ವಾನ್ಸ್ ಕೊಟ್ಟಿದ್ದಾರೆ’ ಎಂದು ಸಾಗಹಾಕುವುದೂ ಹೊಸದಲ್ಲ. ಅದೇ ವಿದ್ಯಾರ್ಥಿ ನಿದ್ದೆಗೆಟ್ಟು ಆಪ್ತಸಮಾಲೋಚಕರ ಮುಂದೆ ಕೂತರೆ ಪರೀಕ್ಷೆಯ ಭಯ, ಮೊಬೈಲಿನ ಗೀಳು, ಪ್ರೇಮವೈಫಲ್ಯಗಳೆಲ್ಲ ಮಾತಿಗೆ ಬರುತ್ತವೆ, ಜಾತಿ ಮಾತ್ರ ಬರುವುದಿಲ್ಲ.

ಅಮೆರಿಕದಲ್ಲಿ ವರ್ಣಭೇದದ ಕುರಿತು ಇಂಥದ್ದೇ ಮೌನ ಬಹುಕಾಲವಿತ್ತು. ಗುಲಾಮರು ಒಡೆಯರಿಂದ ತಪ್ಪಿಸಿಕೊಂಡು ಓಡುವುದನ್ನೇ 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯರು ‘ಡ್ರಾಪೆಟೋಮೇನಿಯಾ’ ಎಂಬ ಮನೋರೋಗವೆಂದು ಕರೆದಿದ್ದರು. 1968ರಲ್ಲಿ ಕಪ್ಪು ಮನಶ್ಶಾಸ್ತ್ರಜ್ಞರು ತಮ್ಮದೇ ಸಂಘ ಕಟ್ಟಿಕೊಂಡರು. 2021ರಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ವರ್ಣಭೇದಕ್ಕೆ ಇಂಬು ಕೊಟ್ಟದ್ದಕ್ಕಾಗಿ ಕ್ಷಮೆ ಕೇಳಿತು.

ಇವುಗಳ ನಡುವೆ, 2007ರಲ್ಲಿ ಅಲ್ಲಿನ ಆಪ್ತಸಮಾಲೋಚನಾ ವಿದ್ವಾಂಸೆ ನಾರ್ಮಾ ಡೇ-ವೈನ್ಸ್ ಮತ್ತು ಸಂಗಡಿಗರು ಮುಂದಿಟ್ಟ ವಾದ ನಮಗೆ ಹೆಚ್ಚು ಹತ್ತಿರದ್ದು. ವರ್ಣದ ಪ್ರಸ್ತಾಪ ಮಾಡುವ ಹೊಣೆ ನೊಂದು ಬಂದವರದಲ್ಲ, ಸಮಾಲೋಚಕರದು ಎಂಬುದು ಅದರ ತಿರುಳು. ಸಮಾಲೋಚಕರು ಸುಮ್ಮನಿದ್ದರೆ ಎದುರಿಗಿರುವವರು ಅದನ್ನು ಇಲ್ಲಿ ಆಡಬಾರದ ಮಾತೆಂದೇ ತಿಳಿಯುತ್ತಾರೆ. ಹಾಗೆಂದು ಎಲ್ಲ ನೋವಿಗೂ ವರ್ಣವನ್ನೇ ಕಾರಣವಾಗಿ ಹೇರುವಂತಿಲ್ಲ. ‘ಈ ವಿಷಯದಲ್ಲಿ ನಿಮ್ಮ ಸಮುದಾಯದ ಕಾರಣಕ್ಕೆ ಏನಾದರೂ ಅನುಭವಿಸಿದ್ದೀರಾ?’ ಎಂದು ಬಾಗಿಲು ತೆರೆದಿಟ್ಟು, ಬೇಡವೆನ್ನುವ ಸ್ವಾತಂತ್ರ್ಯವನ್ನೂ ಅವರಿಗೇ ಬಿಡಬೇಕಾಗುತ್ತದೆ.

ಜಾತಿ ಮತ್ತು ವರ್ಣ ಒಂದೇ ಅಲ್ಲ, ಚರ್ಮದ ಬಣ್ಣದಂತೆ ಜಾತಿ ಕಣ್ಣಿಗೆ ಬೀಳುವುದೂ ಇಲ್ಲ. ಆದರೆ ಚಿತ್ರದುರ್ಗದ ಕಡೆ ನೋಂದಣಿ ಪುಸ್ತಕದಲ್ಲಿ ಎ.ಕೆ. (ಆದಿ ಕರ್ನಾಟಕ) ಕಾಲೊನಿ, ಗೊಲ್ಲರಹಟ್ಟಿ, ತಾಂಡಾ ಎಂದು ವಿಳಾಸ ಬರೆಸಿದರೆ ಮುಂದೆ ಕೇಳುವ ಅಗತ್ಯವೇ ಬೀಳುವುದಿಲ್ಲ. ಬಂದವರೂ ಸಮಾಲೋಚಕರ ಹೆಸರು, ಮಾತಿನ ಧಾಟಿಗಳಿಂದ ಅವರ ಜಾತಿಯನ್ನು ಅಂದಾಜು ಮಾಡಿಯೇ ಕೂತಿರುತ್ತಾರೆ. ಇಬ್ಬರಿಗೂ ಗೊತ್ತಿರುವುದನ್ನು ಇಬ್ಬರೂ ಆಡದಿರುವುದನ್ನೇ ನಾವು ಸಭ್ಯತೆ ಎಂದುಕೊಂಡಿದ್ದೇವೆ.

ನಮ್ಮ ಸರ್ಕಾರಿ ವ್ಯವಸ್ಥೆ ಬೆಳೆದ ದಾರಿಯೂ ಇದಕ್ಕೆ ಸ್ವಲ್ಪ ಕಾರಣ. ಪಕ್ಕದ ಬಳ್ಳಾರಿಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಕಾಯಿಲೆ ಗುರುತಿಸಿ ಮಾತ್ರೆ ಕೊಡುವಂತಾಗಬೇಕೆಂಬುದು ಆಗಿನ ತುರ್ತಾಗಿತ್ತು, ಅದು ತಪ್ಪೂ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು ಚಿಕಿತ್ಸೆ ಪಡೆಯುವ ಹಕ್ಕಿಗೆ ಜಾತಿ ಅಡ್ಡಿಯಾಗಬಾರದೆಂದು ಸ್ಪಷ್ಟವಾಗಿಯೇ ಹೇಳಿತು. ಚಿಕಿತ್ಸೆ ಸಿಕ್ಕ ಮೇಲೆ ಆ ಕೋಣೆಯೊಳಗೆ ಜಾತಿಯ ನೋವನ್ನು ಹೇಗೆ ಕೇಳಬೇಕೆಂಬುದು ಕಾಯ್ದೆಯಿಂದ ಆಗುವ ಕೆಲಸವಲ್ಲ, ಅದು ತರಬೇತಿಯಲ್ಲಿ ಕಲಿಸಬೇಕಾದ ಕಸುಬು.