ರಾತ್ರಿ ಪಾಳಿಯ ಕಾನೂನು: ನಿಷೇಧದಿಂದ ಒಪ್ಪಿಗೆ ಪತ್ರದವರೆಗೆ

ಹೆಣ್ಣುಮಕ್ಕಳು ರಾತ್ರಿ ಪಾಳಿಯಲ್ಲಿ ದುಡಿಯಬಹುದೇ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ಕಳೆದ 25 ವರ್ಷಗಳಲ್ಲಿ ಸಿಕ್ಕಿರುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಾರ್ಖಾನೆಗೆ ಒಂದು ಕಾಯ್ದೆ, ಅಂಗಡಿ ಮತ್ತು ಕಚೇರಿಗಳಿಗೆ ಇನ್ನೊಂದು, ಸಾಫ್ಟ್‌ವೇರ್ ಕಂಪನಿಗಳಿಗೆ ಆ ಇನ್ನೊಂದರೊಳಗೇ ವಿನಾಯಿತಿ, ಅದರ ಮೇಲೆ ಆಗಾಗ ಬಂದುಹೋದ ಆದೇಶಗಳು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಮಹಿಳೆಯ ಒಪ್ಪಿಗೆಯಿದ್ದರೆ, ಸುರಕ್ಷತೆಯ ಷರತ್ತುಗಳಿಗೆ ಒಳಪಟ್ಟು, ಎಲ್ಲ ಬಗೆಯ ಸಂಸ್ಥೆಗಳಲ್ಲೂ ಬೆಳಿಗ್ಗೆ 6ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಆಕೆ ಕೆಲಸ ಮಾಡಬಹುದು ಎಂಬುದು ಈಗ ದೇಶಕ್ಕೆಲ್ಲ ಅನ್ವಯಿಸುವ ಮಾತು. ಇದನ್ನು ಸಮಾನತೆಯ ಗೆಲುವೆಂದು ಸಂಭ್ರಮಿಸುವವರೂ ಹೊಸ ಹೊರೆಯೆಂದು ಆತಂಕಪಡುವವರೂ ಮಹಿಳೆಯರ ಪರವಾಗಿಯೇ ಮಾತನಾಡುತ್ತಿರುವುದರಿಂದ, ಈ ನಿಷೇಧ ಎಲ್ಲಿಂದ ಬಂತು, ಯಾವಾಗ, ಯಾರಿಗಾಗಿ ಸಡಿಲಗೊಂಡಿತು ಎಂಬುದನ್ನು ನೋಡಬೇಕಾಗುತ್ತದೆ.

1891ರ ಕಾರ್ಖಾನೆ ಕಾಯ್ದೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1919ರ ಒಡಂಬಡಿಕೆ, ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯ್ದೆಯ 66ನೇ ಕಲಂ ಇವೆಲ್ಲವೂ ಹೆಣ್ಣನ್ನು ಕತ್ತಲಾದ ಮೇಲೆ ಯಂತ್ರದ ಮುಂದೆ ನಿಲ್ಲಿಸಬಾರದೆಂದೇ ಹೇಳಿದವು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ತನ್ನ 25ನೇ ಕಲಮಿನಲ್ಲಿ ಅದನ್ನೇ ವಿಧಿಸಿತು. ಆ ಕಾಲದ ಮಿಲ್ಲುಗಳ ದುಡಿಮೆಯ ಕ್ರೌರ್ಯವನ್ನು ನೆನೆದರೆ ಇದರ ಹಿಂದೆ ಕಾಳಜಿ ಇರಲಿಲ್ಲವೆಂದು ಹೇಳಲಾಗದು. ಆದರೆ ಆ ಕಾಳಜಿ ಎಲ್ಲ ಹೆಣ್ಣುಮಕ್ಕಳನ್ನೂ ಒಳಗೊಂಡಿರಲಿಲ್ಲ. ಆಸ್ಪತ್ರೆಗಳಲ್ಲಿ ದಾದಿಯರು ರಾತ್ರಿ ಡ್ಯೂಟಿ ಮಾಡುತ್ತಲೇ ಇದ್ದರು, ಕೆ.ಆರ್. ಮಾರುಕಟ್ಟೆಗೆ ಬೆಳಗಿನ ಜಾವವೇ ಬಂದು ಹೂವಿನ ಕುಕ್ಕೆ ಇಳಿಸಿಕೊಳ್ಳುವ ಹೆಂಗಸರನ್ನು ಯಾರೂ ತಡೆದಿರಲಿಲ್ಲ. ಹಾಗಾಗಿ ಕಾನೂನು ಮುಚ್ಚಿದ್ದು ರಾತ್ರಿಯನ್ನಲ್ಲ, ರಾತ್ರಿ ಪಾಳಿಯ ಭತ್ಯೆ, ಮೂರೂ ಪಾಳಿಗೆ ಸಲ್ಲುವವರಿಗೆ ಸಿಗುತ್ತಿದ್ದ ಬಡ್ತಿ ಮುಂತಾದವುಗಳನ್ನು ಎಂಬ ಆಕ್ಷೇಪಕ್ಕೆ ಆಧಾರವಿದೆ. 2000ನೇ ಇಸವಿಯ ಕೊನೆಯಲ್ಲಿ ಮದ್ರಾಸ್ ಹೈಕೋರ್ಟ್ 66ನೇ ಕಲಮಿನ ಈ ನಿರ್ಬಂಧವನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು.

ಬೆಂಗಳೂರಿನಲ್ಲಿ ಮಾತ್ರ ಬಾಗಿಲು ತೆರೆದದ್ದು ಕೋರ್ಟಿನಿಂದಲ್ಲ, ಗಡಿಯಾರದಿಂದ. ಅಮೆರಿಕದಲ್ಲಿ ಬೆಳಗಾಗುವಾಗ ಇಲ್ಲಿ ಸಂಜೆ ಕಳೆದಿರುತ್ತದೆ. ಅಲ್ಲಿಯ ಗ್ರಾಹಕರ ಕರೆಗೆ ಇಲ್ಲಿಂದ ಉತ್ತರಿಸುವ ಉದ್ಯಮ ಬೆಳೆದಂತೆ, 2002ರಲ್ಲಿ ರಾಜ್ಯದ ಅಂಗಡಿ ಕಾಯ್ದೆಯ 25ನೇ ಕಲಮಿಗೆ ತಿದ್ದುಪಡಿಯಾಗಿ ಮಾಹಿತಿ ತಂತ್ರಜ್ಞಾನ ಮತ್ತು ಅದನ್ನು ಆಧರಿಸಿದ ಸೇವಾ ಸಂಸ್ಥೆಗಳಿಗೆ ಷರತ್ತುಬದ್ಧ ವಿನಾಯಿತಿ ದೊರೆಯಿತು. ಆ ವರ್ಷಗಳ ಊರನ್ನು ಕಂಡವರಿಗೆ, ಹೊತ್ತು ಮುಳುಗಿದ ಮೇಲೆ ವಿಜಯನಗರದಲ್ಲೋ ಬನಶಂಕರಿಯಲ್ಲೋ ರಸ್ತೆಯ ತಿರುವಿನಲ್ಲಿ ಹಾರನ್ ಹೊಡೆಯುತ್ತ ನಿಲ್ಲುತ್ತಿದ್ದ ಸುಮೋ, ಕ್ವಾಲಿಸ್‌ಗಳು ನೆನಪಿರಬೇಕು. ಪದವಿ ಮುಗಿಸಿದ ಹುಡುಗಿಯೊಬ್ಬಳು ಮೊದಲ ಸಂಬಳದಲ್ಲೇ ಅಪ್ಪನ ಸಂಬಳವನ್ನು ಹಿಂದೆ ಹಾಕಿದ ಮನೆಗಳಲ್ಲಿ ಹೆಮ್ಮೆಯೂ ಮುಜುಗರವೂ ಒಟ್ಟಿಗೇ ಇದ್ದವು. ಮನೆ ಬಾಡಿಗೆಗೆ ಕೇಳಿದರೆ 'ನೈಟ್ ಶಿಫ್ಟಾ?' ಎಂದು ಹುಬ್ಬೇರಿಸುತ್ತಿದ್ದರು. ಕಾಯ್ದೆ ತೆರೆದ ಬಾಗಿಲನ್ನು ಪಿ.ಜಿ. ಮಾಲೀಕರು ರಾತ್ರಿ 10ಕ್ಕೆ ಹಾಕುತ್ತಿದ್ದರು. ಕಂಪನಿಯ ವಾಹನದಲ್ಲಿ ಹೆಣ್ಣುಮಗಳು ಮೊದಲ ಪಿಕಪ್ ಆಗಬಾರದು, ಕೊನೆಯ ಡ್ರಾಪ್ ಆಗಬಾರದು, ಜೊತೆಗೆ ಕಾವಲಿನವರು ಇರಬೇಕು ಎಂಬ ಷರತ್ತುಗಳು ಈ ವ್ಯವಸ್ಥೆಯಲ್ಲಿ ರೂಢಿಗೆ ಬಂದವು. ರೋಸ್ಟರ್ ಬರೆಯುವವರಿಗೆ ಮಹಿಳಾ ಸಹೋದ್ಯೋಗಿ ಎಂದರೆ ಮೊದಲು ಸಾಗಾಟದ ಲೆಕ್ಕವಾಗಿ, ಆಮೇಲೆ ಕೆಲಸಗಾರ್ತಿಯಾಗಿ ಕಾಣುವ ಅಭ್ಯಾಸವೂ ಅಲ್ಲಿಂದಲೇ ಬೆಳೆಯಿತೆಂದು ನನ್ನ ಅನಿಸಿಕೆ.

2005ರ ಡಿಸೆಂಬರ್‌ನಲ್ಲಿ, ತನ್ನನ್ನು ಕರೆದೊಯ್ಯಲು ಬಂದ ಚಾಲಕನೆಂದು ನಂಬಿ ವಾಹನ ಹತ್ತಿದ ಕಾಲ್ ಸೆಂಟರ್ ಉದ್ಯೋಗಿಯೊಬ್ಬರ ಕೊಲೆ ನಡೆದಾಗ ನಗರ ಬೆಚ್ಚಿತು. ಅಪರಾಧಿಗೆ 2010ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆದರೆ ಚರ್ಚೆ ಬಹುಬೇಗ ವಾಹನದಿಂದ ಆಕೆಯ ಪಾಳಿಯತ್ತ ತಿರುಗಿತು. 2007ರಲ್ಲಿ ಐಟಿಯೇತರ ಸಂಸ್ಥೆಗಳಲ್ಲಿ ಮಹಿಳೆಯರ ರಾತ್ರಿ ದುಡಿಮೆಯನ್ನು ತಡೆಯಲು ರಾಜ್ಯದಲ್ಲಿ ನಡೆದ ಪ್ರಯತ್ನ ತೀವ್ರ ಟೀಕೆಯ ನಂತರ ಕೈಬಿಡಲ್ಪಟ್ಟಿತು. ಹತ್ತು ವರ್ಷ ಕಳೆದು 2017ರಲ್ಲಿ ವಿಧಾನಮಂಡಲದ ಸಮಿತಿಯೊಂದು ಐಟಿ, ಬಿಟಿ ಕಂಪನಿಗಳಲ್ಲಿ ಮಹಿಳೆಯರಿಗೆ ರಾತ್ರಿ ಪಾಳಿ ಬೇಡವೆಂದೇ ಶಿಫಾರಸು ಮಾಡಿತು. ಅನಾಹುತವಾದಾಗಲೆಲ್ಲ ಹೆಣ್ಣುಮಕ್ಕಳ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸುವ ಈ ರೀತಿ ಕರ್ನಾಟಕಕ್ಕೆ ಸೀಮಿತವಲ್ಲ: 2024ರಲ್ಲಿ ಕೋಲ್ಕತ್ತದ ವೈದ್ಯೆಯ ಕೊಲೆಯ ನಂತರ ಪಶ್ಚಿಮ ಬಂಗಾಳವೂ ಮಹಿಳೆಯರ ರಾತ್ರಿ ಡ್ಯೂಟಿಯನ್ನು ತಪ್ಪಿಸಹೊರಟಾಗ, ಬೇಕಿರುವುದು ಭದ್ರತೆಯೇ ಹೊರತು ನಿರ್ಬಂಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಕಾರ್ಖಾನೆಗಳ ಸರದಿ ಬಂದದ್ದು ತಡವಾಗಿ. 2019ರ ನವೆಂಬರ್‌ನ ಅಧಿಸೂಚನೆ ರಾಜ್ಯದ ಕಾರ್ಖಾನೆಗಳಲ್ಲಿ ಸಂಜೆ 7ರಿಂದ ಬೆಳಿಗ್ಗೆ 6ರವರೆಗಿನ ದುಡಿಮೆಯನ್ನು ಮಹಿಳೆಯರಿಗೆ ತೆರೆಯಿತು. ಲಿಖಿತ ಒಪ್ಪಿಗೆ, ಸಾರಿಗೆ, ಒಬ್ಬಂಟಿಯಾಗಿ ಅಲ್ಲದೆ ಗುಂಪಿನಲ್ಲಿ ಕೆಲಸ ಮುಂತಾದವು ಅದರ ಷರತ್ತುಗಳಾಗಿದ್ದವು. 2021ರ ಜನವರಿಯಲ್ಲಿ 24 ಗಂಟೆ ತೆರೆದಿರಲು ಅನುಮತಿ ಪಡೆದ ಅಂಗಡಿಗಳಿಗೂ ಇದೇ ಬಗೆಯ ಲಿಖಿತ ಒಪ್ಪಿಗೆಯ ನಿಯಮ ಬಂತು. 2023ರಲ್ಲಿ ಕಾರ್ಖಾನೆ ಕಾಯ್ದೆಗೇ ರಾಜ್ಯ ತಿದ್ದುಪಡಿ ತಂದಿತು. ದಿನದ ದುಡಿಮೆಯನ್ನು 12 ಗಂಟೆಯವರೆಗೆ ವಿಸ್ತರಿಸಲು ಅವಕಾಶ ಕೊಟ್ಟದ್ದೂ ಅದೇ ತಿದ್ದುಪಡಿಯಾಗಿದೆ ಎಂಬುದನ್ನು ಸಮಾನತೆಯ ಭಾಷಣಗಳಲ್ಲಿ ಸಾಮಾನ್ಯವಾಗಿ ಯಾರೂ ನೆನಪಿಸುವುದಿಲ್ಲ.

ಈ ಎಲ್ಲ ಆದೇಶಗಳ ಭಾರ ನಿಂತಿರುವುದು 'ಒಪ್ಪಿಗೆ' ಎಂಬ ಒಂದು ಪದದ ಮೇಲೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್‌ನ ಕೆಳಗೆ, ಸೂಪರ್‌ವೈಸರ್ ಕಣ್ಣೆದುರಿಗೆ ದುಡಿಯುವ ಗಾರ್ಮೆಂಟ್ಸ್ ಕೆಲಸಗಾರ್ತಿ ಇಲ್ಲವೆಂದು ಬರೆದುಕೊಟ್ಟರೆ ಮಾರನೆಯ ದಿನ ಏನಾಗುತ್ತದೆ ಎಂಬುದನ್ನು ಅರ್ಜಿಯ ನಮೂನೆ ಕೇಳುವುದಿಲ್ಲ. ಈ ಹೆಣ್ಣುಮಕ್ಕಳಿಗೆ ದನಿಯಿಲ್ಲವೆಂದಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ಹಿಂಪಡೆಯುವ ನಿಯಮ ಬಿಗಿಯಾದಾಗ ಸಾವಿರಾರು ಮಂದಿ ರಸ್ತೆಗಿಳಿದು ಹೊಸೂರು ರಸ್ತೆಯನ್ನೇ ತಡೆದರು. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಒಟ್ಟಾಗಿ ಬೇಡವೆನ್ನುವುದಕ್ಕೂ ಒಬ್ಬಳೇ ಕಾಗದದ ಮೇಲೆ ಬೇಡವೆನ್ನುವುದಕ್ಕೂ ಇರುವ ಅಂತರವೇ ಇಲ್ಲಿನ ತೊಡಕು.

ಪಾಳಿ ಮುಗಿದ ಮೇಲಿನ ದಾರಿಯದು ಇನ್ನೊಂದು ತೊಡಕು. 2023ರ ಜೂನ್ 11ರಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಗಿದೆ. ಆದರೆ ನಡುರಾತ್ರಿಯ ಹೊತ್ತಿಗೆ ಮೆಟ್ರೊ ನಿಂತಿರುತ್ತದೆ, ಬಸ್ಸುಗಳೂ ಬೆರಳೆಣಿಕೆಯಷ್ಟೇ. ಆಗ ಉಳಿಯುವುದು ಕಂಪನಿ ಕಳಿಸುವ ವಾಹನ, ಅದೂ ಕಂಪನಿ ಎಂಬುದೊಂದು ಇರುವವರಿಗೆ. ಕೆ.ಆರ್. ಮಾರುಕಟ್ಟೆಗೆ ಇಂದೂ ಬೆಳಗಿನ ಜಾವವೇ ಬರುವ ಹೂವಿನವರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಬೇಕಾದ ಮಾಲೀಕರೇ ಇಲ್ಲದಿರುವುದರಿಂದ, ಅವರಿಗೆ ವಾಹನ ಕಳಿಸಬೇಕಾದವರೂ ಇಲ್ಲ. ನಾಲ್ಕೈದು ಮಂದಿ ದುಡ್ಡು ಹಾಕಿ ಆಟೋ ಹಿಡಿಯುತ್ತಾರೆ.